ಕೀಲಿ ಹಾಕಿದ ಮನೆಗೆ ನೀರು ನುಗ್ಗಿದ ಬಗೆ

ಆಳಂದ ತಾಲ್ಲೂಕಿನ ಹೊಲಗಳ ನಡುವೆ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿಯಲ್ಲಿ ಭೀಮೆಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಭೀಮಾನದಿಯು ಜೇವರ್ಗಿ ತಾಲ್ಲೂಕಿನ ಅಂಚನ್ನು ಹಿಡಿದು ಸಾಗುತ್ತದೆ. ಬೇಸಗೆಯಲ್ಲಿ ಈ ನದಿಯನ್ನು ಕಂಡವರು ಇದು ಒಂದು ದಿನ ಮನೆಯೊಳಕ್ಕೆ ಬಂದೀತೆಂದು ನಂಬಲಾರರು. ಆದರೆ ೨೦೨೦ರ ಅಕ್ಟೋಬರ್ ತಿಂಗಳಿನಲ್ಲಿ ಮಹಾರಾಷ್ಟ್ರದಲ್ಲಿಯೂ ನಮ್ಮಲ್ಲಿಯೂ ಒಮ್ಮೆಗೇ ಭಾರಿ ಮಳೆ ಸುರಿಯಿತು. ಮೇಲೆ ಉಜನಿ ಜಲಾಶಯದಿಂದ ನೀರನ್ನು ಬಿಡಬೇಕಾಗಿ ಬಂದಿತು; ಕೆಳಗೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿನ ಬಾಗಿಲುಗಳನ್ನು ತೆರೆಯಬೇಕಾಗಿ ಬಂದಿತು. ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತವು. ಜನರು ಮನೆಗಳಿಗೆ ಬೀಗ ಹಾಕಿಕೊಂಡು ಪರಿಹಾರ ಕೇಂದ್ರಗಳಿಗೆ ನಡೆದರು.

ನಮ್ಮ ಬಿ. ಎಸ್‌ಸಿ. ತರಗತಿಗೆ ಈ ಮೂರು ತಾಲ್ಲೂಕುಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಒಮ್ಮೆ ನಾವು ಪಾಠದ ನಡುವೆ ಗೂಢಲಿಪಿಯ ವಿಚಾರವನ್ನು ಎತ್ತಿಕೊಂಡೆವು. ಇಂದು ಗಣಕಯಂತ್ರಗಳಲ್ಲಿ ಬಳಕೆಯಲ್ಲಿರುವ ಎ.ಇ.ಎಸ್. ಎಂಬ ಗೂಢಲಿಪಿ ಪದ್ಧತಿಗೆ ೧೨೮ ಅಂಕೆಗಳ ಕೀಲಿಕೈ ಉಂಟು. ಪ್ರತಿಯೊಂದು ಅಂಕೆಯೂ ಸೊನ್ನೆಯಾಗಿರಬಹುದು, ಇಲ್ಲವೆ ಒಂದಾಗಿರಬಹುದು. ಹೀಗಾಗಿ ಒಟ್ಟು ಸಾಧ್ಯತೆಗಳು ಎರಡರ ೧೨೮ನೆಯ ಘಾತದಷ್ಟು. ಕ್ಷಣಕ್ಕೆ ಒಂದರ ಮುಂದೆ ಹದಿನೆಂಟು ಸೊನ್ನೆಗಳಿಟ್ಟಷ್ಟು ಕೀಲಿಕೈಗಳನ್ನು ಪರೀಕ್ಷಿಸಬಲ್ಲ ಯಂತ್ರವಿದೆಯೆಂದು ಭಾವಿಸಿದರೂ ಎಲ್ಲವನ್ನೂ ನೋಡಿ ಮುಗಿಸಲು ಹತ್ತು ಲಕ್ಷ ಕೋಟಿ ವರ್ಷಗಳು ಹಿಡಿಯುತ್ತವೆ. ವಿಶ್ವದ ವಯಸ್ಸೇ ಸುಮಾರು ೧,೩೮೦ ಕೋಟಿ ವರ್ಷ. ಹಲಗೆಯ ಮೇಲೆ ಈ ಭಾಗಾಕಾರವನ್ನು ಮುಗಿಸಿ ನಾವು ತುಸು ಹೆಮ್ಮೆಯಿಂದಲೇ ತಿರುಗಿದೆವು. ಭೀಮೆಯ ದಂಡೆಯ ಹಳ್ಳಿಯೊಂದರಿಂದ ಬರುತ್ತಿದ್ದ ಹುಡುಗನೊಬ್ಬನು ಎದ್ದು ನಿಂತು, "ಮನಿಗಿ ಕೀಲಿ ಹಾಕೇ ಹೋಗಿದ್ವಿರಿ ಸರ್. ಹೊಳಿ ನೀರು ಕೀಲಿಕೈ ಕೇಳ್ತದೇನ್ರಿ?" ಎಂದನು.

ತರಗತಿ ನಕ್ಕಿತು. ನಾವೂ ನಕ್ಕೆವು. ಆದರೆ ಅವನ ಮಾತು ಅಕ್ಷರಶಃ ನಿಜವಾದ ಒಂದು ಪ್ರಸಂಗವು ಗಣಕಗಳ ಜಗತ್ತಿನಲ್ಲಿ ೨೦೨೧ರಲ್ಲಿ ಘಟಿಸಿದೆ. ಅತ್ಯಂತ ಭದ್ರವಾದ ಕೀಲಿಯನ್ನು ಹಾಕಿಯಾದ ಮೇಲೂ, ಆ ಕೀಲಿಗೆ ಒಂದಿಷ್ಟೂ ಧಕ್ಕೆಯಾಗದೆ, ಬರಿಯ ಅಳತೆಯ ತಪ್ಪಿನಿಂದ ಬೇರೆಯೇ ದಾರಿ ತೆರೆದುಕೊಂಡಿತ್ತು. ಅದು ಹೇಗೆ ತೆರೆಯಿತು, ಹೇಗೆ ಮುಚ್ಚಲಾಯಿತು ಎಂಬುದೇ ಈ ಲೇಖನದ ವಿಷಯ.

ಮೊದಲು ಆ ಮನೆ ಎಂಥದೆಂಬುದನ್ನು ನೋಡೋಣ. ಹಿಂದೆ ರೈತನ ಪಹಣಿಯು ತಲಾಟಿಯ ದಫ್ತರದಲ್ಲಿರುತ್ತಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕರ್ನಾಟಕದ 'ಭೂಮಿ' ಯೋಜನೆಯಡಿ ಸುಮಾರು ೬೭ ಲಕ್ಷ ರೈತರ ಎರಡು ಕೋಟಿಯಷ್ಟು ದಾಖಲೆಗಳನ್ನು ಗಣಕಗಳಿಗೆ ಏರಿಸಲಾಯಿತು. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಚೀಟಿ, ಪರೀಕ್ಷೆಯ ಅಂಕಪಟ್ಟಿ ಮೊದಲಾದವೂ ಅದೇ ಹಾದಿ ಹಿಡಿದವು. ಇಂದು ಇಂಥ ಮಾಹಿತಿಯ ಬಹುಭಾಗವು ಎಲ್ಲಿಯೋ ದೂರದಲ್ಲಿರುವ ದೊಡ್ಡ ದೊಡ್ಡ ಗಣಕಕೇಂದ್ರಗಳಲ್ಲಿದೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಯಂತ್ರವೆಂಬ ಪದ್ಧತಿಯಿಲ್ಲ. ಒಂದೇ ಯಂತ್ರವನ್ನು ಹತ್ತಾರು ಜನರಿಗೆ ಬಾಡಿಗೆಗೆ ಹಂಚಿರುತ್ತಾರೆ. ಪ್ರತಿಯೊಬ್ಬನಿಗೂ ಇಡೀ ಯಂತ್ರ ತನ್ನೊಬ್ಬನದೇ ಎಂಬ ಭ್ರಮೆಯನ್ನು ಹುಟ್ಟಿಸುವ ಕೌಶಲವೊಂದಿದೆ. ಇದು ಹೊಸದೇನಲ್ಲ; ಐ.ಬಿ.ಎಂ. ಸಂಸ್ಥೆಯವರು ೧೯೬೦ರ ದಶಕದಲ್ಲಿಯೇ ಇದನ್ನು ಸಾಧಿಸಿದ್ದರು. ಹೀಗೆ ಹುಟ್ಟಿದ ಭ್ರಮೆಯ ಯಂತ್ರವನ್ನು ನಾವು 'ಕಲ್ಪಿತ ಯಂತ್ರ' ಎನ್ನೋಣ.

ಗಾಣಗಾಪುರದ ಯಾತ್ರಾರ್ಥಿಗಳು ಇಳಿದುಕೊಳ್ಳುವ ಧರ್ಮಶಾಲೆಯನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಟ್ಟಡ ಒಂದೇ, ಕೋಣೆಗಳು ಹಲವು, ಅತಿಥಿಗಳು ಹಲವರು. ನೀರು, ದೀಪ, ಜಾಗ ಎಲ್ಲವನ್ನೂ ಹಂಚಿಕೊಡುವ ವ್ಯವಸ್ಥಾಪಕ ಒಬ್ಬನೇ. ಗಣಕಶಾಸ್ತ್ರದಲ್ಲಿಯೂ ಇವರನ್ನು ಅತಿಥಿ, ಆತಿಥೇಯ ಎಂದೇ ಕರೆಯುತ್ತಾರೆಂಬುದು ಸಂತೋಷದ ಸಂಗತಿ. ಆತಿಥೇಯನ ಕೆಲಸವನ್ನು ಮಾಡುವುದು ಯಂತ್ರದ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್. ಯಂತ್ರದ ಎಲ್ಲ ಅಂಗಗಳ ಮೇಲೂ ಅದಕ್ಕೆ ಪೂರ್ಣ ಅಧಿಕಾರವುಂಟು. ಅದಕ್ಕೆ 'ಬೇಡ' ಎನ್ನುವವರು ಅಲ್ಲಿ ಯಾರೂ ಇಲ್ಲ. ಲಿನಸ್ ಟೊರ್ವಾಲ್ಡ್ಸ್ ಎಂಬ ಫಿನ್‌ಲೆಂಡಿನ ವಿದ್ಯಾರ್ಥಿಯು ೧೯೯೧ರಲ್ಲಿ ಆರಂಭಿಸಿದ ಲಿನಕ್ಸ್ ಇಂಥ ಕರ್ನೆಲ್‌ಗಳಲ್ಲೊಂದು. ಕಲ್ಪಿತ ಯಂತ್ರಗಳನ್ನು ನಡೆಸುವ ಕೆ.ವಿ.ಎಂ. ಎಂಬ ಚಾಲಕ ಕ್ರಮವಿಧಿಯು ೨೦೦೭ರ ಫೆಬ್ರವರಿಯಲ್ಲಿ ಅದರೊಳಗೆ ಸೇರಿತು.

ಧರ್ಮಶಾಲೆಯ ವ್ಯವಸ್ಥಾಪಕನ ಬಳಿ ಎಲ್ಲ ಕೋಣೆಗಳ ಜೋಡಿ ಕೀಲಿಕೈ ಇರುವಂತೆ, ಆತಿಥೇಯ ಕರ್ನೆಲ್ ತನ್ನ ಯಾವ ಅತಿಥಿಯ ಸ್ಮೃತಿಕೋಶವನ್ನು ಬೇಕಾದರೂ ಇಣಿಕಿ ನೋಡಬಲ್ಲದು. ವ್ಯವಸ್ಥಾಪಕನು ಸಜ್ಜನನಾದರೆ ಚಿಂತೆಯಿಲ್ಲ. ಆದರೆ ಆಸ್ಪತ್ರೆಯ ರೋಗಿಗಳ ವಿವರಗಳನ್ನು ಬಾಡಿಗೆಯ ಯಂತ್ರದಲ್ಲಿಡುವವನು ಬರಿಯ ಸಜ್ಜನಿಕೆಯನ್ನು ನೆಚ್ಚಿಕೊಳ್ಳಲಾರನು. ಅದಕ್ಕಾಗಿ ಎ.ಎಂ.ಡಿ. ಸಂಸ್ಥೆಯವರು ಒಂದು ಉಪಾಯವನ್ನು ೨೦೧೬ರಲ್ಲಿ ಪ್ರಕಟಿಸಿ, ೨೦೧೭ರಲ್ಲಿ ಮಾರುಕಟ್ಟೆಗೆ ಬಂದ ತಮ್ಮ 'ಎಪಿಕ್' ಸಂಸ್ಕಾರಕಗಳಲ್ಲಿ ಅಳವಡಿಸಿದರು. ಅದರ ಹೆಸರು ಎಸ್.ಇ.ವಿ. ಪ್ರತಿಯೊಬ್ಬ ಅತಿಥಿಯೂ ತನ್ನದೇ ಕೀಲಿಯನ್ನು ತಂದಂತೆ ಇದು. ಅತಿಥಿಯ ಮಾಹಿತಿ ಸ್ಮೃತಿಕೋಶಕ್ಕೆ ಹೋಗುವಾಗ ದಾರಿಯಲ್ಲಿಯೇ ಎ.ಇ.ಎಸ್. ಗೂಢಲಿಪಿಯಾಗಿ ಮಾರ್ಪಡುತ್ತದೆ, ಮರಳುವಾಗ ಬಿಡಿಸಲ್ಪಡುತ್ತದೆ. ಕೀಲಿಕೈಗಳನ್ನು ಕಾಯುವುದು ಅದೇ ಚಿಪ್ಪಿನೊಳಗಿರುವ ಇನ್ನೊಂದು ಪುಟ್ಟ ಸಂಸ್ಕಾರಕ. ಕರ್ನೆಲ್ ತಾನಾಗಿ ಇಣಿಕಿದರೂ ಕಾಣುವುದು ಅರ್ಥವಿಲ್ಲದ ಅಂಕೆಗಳು ಮಾತ್ರ. ಮೊದಲ ಪೀಳಿಗೆಯ ಚಿಪ್ಪು ಇಂಥ ಹದಿನೈದು ಕೀಲಿಕೈಗಳನ್ನಷ್ಟೇ ಇಟ್ಟುಕೊಳ್ಳಬಲ್ಲದಾಗಿತ್ತು. ಎರಡನೆಯ ಪೀಳಿಗೆಯಲ್ಲಿ ಆ ಸಂಖ್ಯೆ ೫೦೯ಕ್ಕೆ ಏರಿತು. (ಇದೇ ಸಂಸ್ಥೆಯು ೨೦೨೩ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆಯಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.)

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಸಂಸ್ಕಾರಕದೊಳಗೆ ರಿಜಿಸ್ಟರುಗಳೆಂಬ ಕೆಲವೇ ಕೆಲವು ಅಂಕೆಯ ಮನೆಗಳಿರುತ್ತವೆ. ನಾವು ಲೆಕ್ಕ ಮಾಡುವಾಗ ಬೆರಳ ಸಂದಿಯಲ್ಲಿ ಹಿಡಿದಿಡುವ ಅಂಕೆಗಳಿದ್ದಂತೆ ಅವು. ಅತಿಥಿಯ ಕೆಲಸ ನಿಂತು ಆತಿಥೇಯನ ಸರದಿ ಬಂದಾಗ ಆ ಅಂಕೆಗಳು ಆತಿಥೇಯನ ಕಣ್ಣಿಗೆ ಬೀಳುತ್ತಿದ್ದವು. ಅವನ್ನೂ ಗೂಢಲಿಪಿಯಲ್ಲಿ ಮುಚ್ಚುವ ಎಸ್.ಇ.ವಿ.-ಇ.ಎಸ್. ಎಂಬ ಸುಧಾರಣೆ ಹುಟ್ಟಿತು. ಆತಿಥೇಯ ಲಿನಕ್ಸ್ ಕರ್ನೆಲ್‌ನಲ್ಲಿ ಇದಕ್ಕೆ ಬೇಕಾದ ಚಾಲಕ ಕ್ರಮವಿಧಿಯು ೨೦೨೦ರ ಡಿಸೆಂಬರಿನಲ್ಲಿ ಸೇರ್ಪಡೆಯಾಯಿತು. ಭೀಮೆಯ ನೀರು ಇಳಿದು ಆಗಿನ್ನೂ ಎರಡು ತಿಂಗಳು ಸರಿಯಾಗಿ ಆಗಿರಲಿಲ್ಲ! ೨೦೨೧ರ ಫೆಬ್ರವರಿಯಲ್ಲಿ ಲಿನಕ್ಸಿನ ೫.೧೧ನೆಯ ಆವೃತ್ತಿಯಾಗಿ ಅದು ಹೊರಬಿದ್ದಿತು.

ಈಗ ವಾಚಕರು ಒಂದು ಕ್ಷಣ ನಿಂತು ಯೋಚಿಸಬೇಕು. ಅತಿಥಿಯು ಕೋಣೆಯ ಬಾಗಿಲನ್ನು ಒಳಗಿನಿಂದ ಸಂಪೂರ್ಣವಾಗಿ ಮುಚ್ಚಿಕೊಂಡನೆನ್ನಿ. ಅವನಿಗೆ ನೀರು ಬೇಡವೆ? ಊಟ ಬೇಡವೆ? ಕಲ್ಪಿತ ಯಂತ್ರವೂ ಹಾಗೆಯೇ. ಅದು ಹೊರಗೆ ಅಕ್ಷರಗಳನ್ನು ಕಳುಹಿಸಬೇಕು, ಹೊರಗಿನಿಂದ ಮಾಹಿತಿಯನ್ನು ಪಡೆಯಬೇಕು. ಇದೆಲ್ಲ ಆತಿಥೇಯನ ಮೂಲಕವೇ ಆಗತಕ್ಕದ್ದು. ಮೊದಲು ಆತಿಥೇಯನು ಅತಿಥಿಯ ರಿಜಿಸ್ಟರುಗಳನ್ನು ನೋಡಿ, 'ಇವನಿಗೆ ಇಂಥದು ಬೇಕಾಗಿದೆ' ಎಂದು ತಾನೇ ತಿಳಿದುಕೊಳ್ಳುತ್ತಿದ್ದನು. ಈಗ ಅವು ಮುಚ್ಚಿವೆ. ಆದುದರಿಂದ ಗೋಡೆಯಲ್ಲಿ ಒಂದು ಕಿಂಡಿಯನ್ನು ಇಡಬೇಕಾಯಿತು. ಗೂಢಲಿಪಿಯಿಲ್ಲದ, ಇಬ್ಬರೂ ಓದಬಲ್ಲ, ಇಬ್ಬರೂ ಬರೆಯಬಲ್ಲ ಸ್ಮೃತಿಯ ಒಂದು ಪುಟವೇ ಆ ಕಿಂಡಿ. ಗಣಕದಲ್ಲಿ ಪುಟವೆಂದರೆ ೪,೦೯೬ ಬೈಟುಗಳ ಒಂದು ತುಂಡು. ಅತಿಥಿಯು ತನಗೆ ಬೇಕಾದುದನ್ನು ಮಾತ್ರ ಚೀಟಿ ಬರೆದಂತೆ ಆ ಪುಟದಲ್ಲಿ ಬರೆದಿಟ್ಟು ಆತಿಥೇಯನನ್ನು ಕೂಗುತ್ತಾನೆ. ಆತಿಥೇಯನು ಚೀಟಿಯನ್ನೋದಿ ಕೆಲಸ ಮಾಡಿಕೊಡುತ್ತಾನೆ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಇಡೀ ವ್ಯವಸ್ಥೆಯನ್ನು ಕಟ್ಟಿದುದು ಕೆಟ್ಟ ಆತಿಥೇಯನಿಂದ ಒಳ್ಳೆಯ ಅತಿಥಿಯನ್ನು ಕಾಪಾಡುವುದಕ್ಕಾಗಿ. ಆದರೆ ಗೋಡೆಗೆ ಎರಡು ಮುಖಗಳುಂಟು. ಕೋಣೆಯನ್ನು ಹಿಡಿದವನೇ ದುಷ್ಟನಾದರೆ? ಅವನು ಬಾಡಿಗೆ ಕೊಟ್ಟು ಸಕ್ರಮವಾಗಿಯೇ ಒಳಗೆ ಬಂದಿರುತ್ತಾನೆ. ಕಿಂಡಿಯಲ್ಲಿ ಅವನು ಇಡುವ ಚೀಟಿಯ ಪ್ರತಿಯೊಂದು ಅಂಕೆಯನ್ನೂ ಆತಿಥೇಯನು ಸಂದೇಹದಿಂದಲೇ ನೋಡಬೇಕು.

ಚೀಟಿಯ ಕೋರಿಕೆಗಳಲ್ಲಿ ಒಂದು ಬಗೆಯೆಂದರೆ, ಸಾಲುಸಾಲಾಗಿ ಅಂಕೆಗಳನ್ನು ಒಂದೇ ಸಲ ಹೊರಕ್ಕೆ ಕಳುಹಿಸುವುದು ಅಥವಾ ಒಳಕ್ಕೆ ತರಿಸಿಕೊಳ್ಳುವುದು. ಸರಕು ಹೆಚ್ಚಾದರೆ ಅದು ಕಿಂಡಿಯ ಪುಟದಲ್ಲಿ ಹಿಡಿಸುವುದಿಲ್ಲ. ಆಗ ಅತಿಥಿಯು ತನ್ನ ಸ್ಮೃತಿಯ ಮುಚ್ಚದ ಭಾಗದಲ್ಲಿ ಬೇರೊಂದು ಜಾಗವನ್ನು ತೋರಿಸಬಹುದು. ಆತಿಥೇಯನು ಅದಕ್ಕೆ ತಕ್ಕಷ್ಟು ದೊಡ್ಡ ಪಾತ್ರೆಯನ್ನು ತನ್ನ ಬಳಿ ಸಿದ್ಧಪಡಿಸಿಕೊಂಡು ಸರಕನ್ನು ಅದಕ್ಕೆ ಸುರಿದುಕೊಳ್ಳುತ್ತಾನೆ. ಇದಕ್ಕೊಂದು ಮಿತಿಯನ್ನು ಚಾಲಕದ ರಚನಕಾರರು ಎಚ್ಚರದಿಂದಲೇ ಇಟ್ಟಿದ್ದರು. ಆ ಮಿತಿಯು ಹದಿನಾರು ಪುಟಗಳು. ಅಷ್ಟರ ಮಟ್ಟಿಗೆ ಎಲ್ಲವೂ ಸರಿ.

ತಪ್ಪು ಇದ್ದುದು ಮುಂದಿನ ಹೆಜ್ಜೆಯಲ್ಲಿ. ಆ ಪಾತ್ರೆಯಿಂದ ಸರಕನ್ನು ಕೆ.ವಿ.ಎಂ. ಚಾಲಕದ ಹಳೆಯ ಪಾತ್ರೆಯೊಂದಕ್ಕೆ ವರ್ಗಾಯಿಸಬೇಕು. ಹೊರಗಿನ ಸಾಧನಗಳೊಡನೆ ವ್ಯವಹರಿಸುವ ಭಾಗವು ಆ ಹಳೆಯ ಪಾತ್ರೆಯನ್ನೇ ನೋಡುತ್ತದೆ. ಅದರ ಗಾತ್ರ ಒಂದೇ ಒಂದು ಪುಟ! ಗೂಢಲಿಪಿಯಿಲ್ಲದ ಸಾಮಾನ್ಯ ಅತಿಥಿಗಳ ಕಾಲದಲ್ಲಿ ಸರಕು ಸಣ್ಣ ಸಣ್ಣ ಕಂತುಗಳಲ್ಲಿ ಬರುತ್ತಿದ್ದುದರಿಂದ ಒಂದು ಪುಟವೇ ಧಾರಾಳವಾಗಿತ್ತು. ತುಂಬಿ ಹರಿಯುವ ಪ್ರಸಂಗವೇ ಇರಲಿಲ್ಲ. ಹೊಸ ದಾರಿಯನ್ನು ಕಡಿದವರು ಅದನ್ನು ಹಳೆಯ ಪಾತ್ರೆಗೆ ಕೂಡಿಸಿದರು. ಪಾತ್ರೆಯ ಬಾಯಿಯ ಬಳಿ ಅಳತೆಯನ್ನು ನೋಡುವವರು ಯಾರೂ ಉಳಿಯಲಿಲ್ಲ. ಉಜನಿಯಂಥ ಜಲಾಶಯದಿಂದ ಬಿಟ್ಟ ನೀರು ಹಳ್ಳದ ಒಡ್ಡಿಗೆ ನೇರವಾಗಿ ಬಂದರೆ ಏನಾದೀತು?

ಆಗುವುದು ಇಷ್ಟೆ. ಅತಿಥಿಯು ಹದಿನಾರು ಪುಟಗಳ ಸರಕನ್ನು ಹೊರಕ್ಕೆ ಕಳುಹಿಸೆಂದನೆನ್ನಿ. ಮೊದಲ ೪,೦೯೬ ಬೈಟುಗಳು ಪಾತ್ರೆಯಲ್ಲಿ ಕುಳಿತುಕೊಳ್ಳುತ್ತವೆ. ಉಳಿದ ಹದಿನೈದು ಪುಟಗಳು ಕರ್ನೆಲ್‌ನ ಸ್ಮೃತಿಯಲ್ಲಿ ಪಕ್ಕದಲ್ಲಿ ಯಾರ ಜಾಗವಿದೆಯೋ ಅದರ ಮೇಲೆ ಹರಡಿಕೊಳ್ಳುತ್ತವೆ. ಅಲ್ಲಿ ಇನ್ನೊಬ್ಬ ಅತಿಥಿಯ ಲೆಕ್ಕವಿರಬಹುದು. 'ಮುಂದೆ ಯಾವ ಆಜ್ಞೆಯನ್ನು ನಡೆಸಬೇಕು' ಎಂಬ ಕರ್ನೆಲ್‌ನ ಸ್ವಂತ ಟಿಪ್ಪಣಿಯೇ ಇರಬಹುದು. ಒಳಕ್ಕೆ ತರಿಸಿಕೊಳ್ಳುವ ಕೋರಿಕೆಯಾದರೆ ಇದರ ತಿರುವುಮುರುವು. ಪಾತ್ರೆಯಲ್ಲಿರುವುದು ಒಂದು ಪುಟ, ಕೇಳಿದುದು ಹದಿನಾರು. ಕರ್ನೆಲ್ ಪ್ರಾಮಾಣಿಕವಾಗಿ ಎಣಿಸಿ ಎಣಿಸಿ, ಪಕ್ಕದ ಹದಿನೈದು ಪುಟಗಳಲ್ಲಿರುವ ತನ್ನ ರಹಸ್ಯಗಳನ್ನೇ ಅತಿಥಿಯ ಉಡಿಗೆ ಸುರಿಯುತ್ತದೆ.

ನಮ್ಮ ಉಪಮಾನ ಇಲ್ಲಿ ಒಂದು ಕಡೆ ಸೋಲುತ್ತದೆಂಬುದನ್ನು ಒಪ್ಪಿಕೊಳ್ಳಬೇಕು. ಹೊಳೆಯ ನೀರಿಗೆ ದುರುದ್ದೇಶವಿಲ್ಲ. ಅದು ತಗ್ಗಿದ್ದ ಕಡೆಗೆ ಹರಿಯುತ್ತದೆ. ಇಲ್ಲಿ ತುಂಬಿ ಚೆಲ್ಲುವ ಪ್ರತಿಯೊಂದು ಬೈಟನ್ನೂ ಅತಿಥಿಯು ತನಗೆ ಬೇಕಾದಂತೆ ಜೋಡಿಸಿಟ್ಟಿರಬಹುದು. ಸುಮ್ಮನೆ ಚೆಲ್ಲಿದರೆ ಇಡೀ ಯಂತ್ರ ನಿಂತುಹೋಗುತ್ತದೆ. ಲೆಕ್ಕ ಹಾಕಿ ಚೆಲ್ಲಿದರೆ ಅತಿಥಿಯೇ ಆತಿಥೇಯನ ಗಾದಿಯಲ್ಲಿ ಕುಳಿತಾನು. ಅವನು ಹಾಗೆ ಕುಳಿತ ಮೇಲೆ, ತಮ್ಮದೇ ಕೀಲಿ ಹಾಕಿಕೊಂಡ ಇತರ ಅತಿಥಿಗಳ ಗೂಢಲಿಪಿಯನ್ನು ಸಲೀಸಾಗಿ ಓದಲಾರನೆಂಬುದು ನಿಜ. ಅವರಿಗಾಗಿ ಆ ಕೀಲಿಯು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಆದರೆ ಅದೇ ಯಂತ್ರದಲ್ಲಿ ಕೀಲಿಯಿಲ್ಲದೆ ಇಳಿದುಕೊಂಡವರ ಗತಿಯೇನು? ಅವರ ದಾಖಲೆಗಳೆಲ್ಲವೂ ಅವನ ಕೈಗೆ ಸಿಕ್ಕಂತೆಯೇ. ನೆರೆಯವನ ಭದ್ರತೆಗೆಂದು ತಂದ ಉಪಕರಣವು ಇವರ ಮನೆಗೆ ದಾರಿ ಮಾಡಿಕೊಟ್ಟಂತಾಯಿತು.

ಇಷ್ಟು ನುರಿತವರು ಬರೆದ ಕ್ರಮವಿಧಿಯಲ್ಲಿ ಇಂಥ ಎಳಸು ತಪ್ಪು ಹೇಗೆ ನುಸುಳಿತೆಂದು ವಿದ್ಯಾರ್ಥಿಗಳು ಕೇಳಬಹುದು. ಲಿನಕ್ಸ್ ಕರ್ನೆಲ್‌ನ ಬಹುಭಾಗವನ್ನು ಬರೆದಿರುವುದು ೧೯೭೦ರ ದಶಕದ ಆರಂಭದಲ್ಲಿ ಡೆನಿಸ್ ರಿಚೀ ಎಂಬುವನು ರೂಪಿಸಿದ 'ಸಿ' ಭಾಷೆಯಲ್ಲಿ. ಆ ಭಾಷೆಯಲ್ಲಿ ಪಾತ್ರೆಗೆ ತನ್ನ ಗಾತ್ರವೇ ಗೊತ್ತಿರುವುದಿಲ್ಲ! ನಮ್ಮ ಪ್ರಯೋಗಾಲಯದಲ್ಲಿ ಹುಡುಗರಿಗೆ ಒಂದು ಆಟವನ್ನು ಹೇಳಿಕೊಡುವುದುಂಟು: ಹತ್ತು ವಿದ್ಯಾರ್ಥಿಗಳ ಅಂಕಗಳಿಗೆಂದು ಹತ್ತು ಮನೆಗಳನ್ನು ಕಾದಿರಿಸಿ, ಹನ್ನೊಂದನೆಯ ಮನೆಗೆ ಒಂದು ಅಂಕೆಯನ್ನು ಬರೆಯಲು ಹೇಳುತ್ತೇವೆ. ಯಂತ್ರವು ತುಟಿಪಿಟಕ್ಕೆನ್ನದೆ ಬರೆಯುತ್ತದೆ. ಒಮ್ಮೊಮ್ಮೆ ಏನೂ ಆಗುವುದಿಲ್ಲ. ಒಮ್ಮೊಮ್ಮೆ ಪಕ್ಕದಲ್ಲಿದ್ದ ಬೇರೊಂದು ಅಂಕೆ ಬದಲಾಗಿರುತ್ತದೆ. ಜೇವರ್ಗಿಯ ಹುಡುಗಿಯೊಬ್ಬಳ ಯಂತ್ರದಲ್ಲಿ ತರಗತಿಯ ಸರಾಸರಿಯೇ ಐನೂರನ್ನು ದಾಟಿತ್ತು. ಒಮ್ಮೊಮ್ಮೆ ಕ್ರಮವಿಧಿ ಅಲ್ಲಿಯೇ ಸಾಯುತ್ತದೆ. ಸತ್ತರೆ ವಾಸಿ, ಸಾಯದಿದ್ದರೆ ಅಪಾಯ ಎಂಬುದನ್ನು ಅವರಿಗೆ ಮನಗಾಣಿಸಲು ನಮಗೆ ಒಂದು ತಾಸು ಬೇಕಾಗುತ್ತದೆ. ೧೯೮೮ರ ನವೆಂಬರಿನಲ್ಲಿ ಅಮೆರಿಕದ ಸಾವಿರಾರು ಗಣಕಗಳನ್ನು ಕಂಗೆಡಿಸಿದ ಮಾರಿಸನ ಹುಳುವು ಹರಡಿದ ದಾರಿಗಳಲ್ಲೊಂದು ಇದೇ ಆಗಿತ್ತು: ೫೧೨ ಬೈಟುಗಳ ಪಾತ್ರೆಗೆ ೫೩೬ ಬೈಟುಗಳನ್ನು ಸುರಿಯಲಾಗಿತ್ತು. ಮೂವತ್ತಮೂರು ವರ್ಷಗಳ ಬಳಿಕವೂ ಅದೇ ಕಥೆ.

ಈ ತಪ್ಪಿನ ಜತೆಗೆ ಇನ್ನೊಂದು ತಪ್ಪೂ ಸೇರಿಕೊಂಡಿತ್ತು. ಭೌತಶಾಸ್ತ್ರದವರಾದ ನಮಗೆ ಅದು ಹೆಚ್ಚು ಪ್ರಿಯವಾದುದು! ಅತಿಥಿಯ ಚೀಟಿಯಲ್ಲಿ ೧೦೦ ಎಂದು ಬರೆದಿದೆಯೆನ್ನೋಣ. ನೂರು ಏನು? ತೊಗರಿಯ ವ್ಯಾಪಾರದಲ್ಲಿ ಐವತ್ತು ಕಿಲೋ ಚೀಲದಲ್ಲಿ ತುಂಬಿದ ಮಾಲು ಬಂದಾಗ, ಚೀಟಿಯಲ್ಲಿ ನೂರು ಎಂದಿದ್ದರೆ ಅದು ಚೀಲವೊ ಕ್ವಿಂಟಲೊ ಎಂದು ಕೇಳದೆ ಯಾವ ಅಡತಿಯವನೂ ಹಣ ಎಣಿಸುವುದಿಲ್ಲ. ಇಲ್ಲಿ ನಿಯಮದ ಪ್ರಕಾರ ಅದು ಸಾಗಣೆಗಳ ಎಣಿಕೆ. ಒಂದೊಂದು ಸಾಗಣೆಯಲ್ಲಿ ಒಂದು, ಎರಡು ಅಥವಾ ನಾಲ್ಕು ಬೈಟುಗಳು ಹೋಗುತ್ತವೆ. ಎರಡು ಬೈಟುಗಳ ಸಾಗಣೆಯಾದರೆ ನೂರು ಎಂದರೆ ಒಟ್ಟು ಇನ್ನೂರು ಬೈಟು. ಆದರೆ ಚಾಲಕವು ಪಾತ್ರೆಯನ್ನು ಸಿದ್ಧಪಡಿಸುವಾಗ ನೂರನ್ನು ಬೈಟುಗಳೆಂದು ಭಾವಿಸಿತು. ಸಾಗಿಸುವಾಗ ಅದೇ ನೂರನ್ನು ಎಣಿಕೆಯೆಂದು ಭಾವಿಸಿತು. ನೂರು ಬೈಟುಗಳ ಪಾತ್ರೆ, ಇನ್ನೂರು ಬೈಟುಗಳ ಸಾಗಣೆ. ಉತ್ತರದ ಮುಂದೆ ಮಾನವನ್ನು ಬರೆಯದ ವಿದ್ಯಾರ್ಥಿಯ ಅರ್ಧ ಅಂಕವನ್ನು ನಾವು ಕಡಿದಾಗ ಅವನು ಮುಖ ಗಂಟಿಕ್ಕಿಕೊಳ್ಳುತ್ತಾನೆ. ಇನ್ನು ಮುಂದೆ ಅಂಥವನಿಗೆ ತೋರಿಸಲು ನಮಗೊಂದು ನಿದರ್ಶನ ದೊರೆತಿದೆ.

ದೋಷವನ್ನು ಕಂಡುಹಿಡಿದವನು ಗೂಗಲ್ ಸಂಸ್ಥೆಯ ಸುರಕ್ಷಾ ಸಂಶೋಧಕ ಫೆಲಿಕ್ಸ್ ವಿಲ್‌ಹೆಲ್ಮ್. ಈತನು ಅದೇ ೨೦೨೧ರ ಜೂನ್ ತಿಂಗಳಿನಲ್ಲಿ, ಎ.ಎಂ.ಡಿ. ಯಂತ್ರಗಳಲ್ಲಿ ಕೆ.ವಿ.ಎಂ. ಚಾಲಕದ ಬೇರೊಂದು ದೋಷದ ಮೂಲಕ ಅತಿಥಿಯು ಹೇಗೆ ಹೊರಬರಬಹುದೆಂಬುದನ್ನು ವಿವರವಾಗಿ ಬರೆದು ತೋರಿಸಿದ್ದನು. ಲಿನಕ್ಸ್ ಕರ್ನೆಲ್‌ನ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು. ಆದು ಕಳ್ಳನಿಗೂ ತೆರೆದಿದೆ, ಕಾವಲುಗಾರನಿಗೂ ತೆರೆದಿದೆ. ಈ ಸಲ ಕಾವಲುಗಾರನು ಮೊದಲು ಕಂಡನು. ದೋಷಕ್ಕೆ ಸಿ.ವಿ.ಇ.-೨೦೨೧-೪೦೯೩ ಎಂಬ ಗುರುತಿನ ಸಂಖ್ಯೆಯನ್ನು ಕೊಡಲಾಯಿತು.

ದುರಸ್ತಿಯನ್ನು ಕೈಗೊಂಡವನು ಕೆ.ವಿ.ಎಂ. ಚಾಲಕದ ಪಾಲಕನಾದ, ರೆಡ್ ಹ್ಯಾಟ್ ಸಂಸ್ಥೆಯ ಪಾವ್ಲೊ ಬೊಂಜೀನಿ. ಕ್ರಮವಿಧಿಯ ಇಂಥ ದುರಸ್ತಿಗೆ ಗಣಕದವರ ಮಾತಿನಲ್ಲಿ ತೇಪೆ ಎಂದೇ ಹೆಸರು. ಅತಿ ಸುಲಭವಾದ ತೇಪೆಯೆಂದರೆ, 'ಒಂದು ಪುಟಕ್ಕಿಂತ ಹೆಚ್ಚು ಸರಕನ್ನು ಸ್ವೀಕರಿಸುವುದಿಲ್ಲ' ಎಂದು ಕಿಂಡಿಯ ಬಳಿ ಬೋರ್ಡು ಹಾಕಿಬಿಡುವುದು. ಆದರೆ ನಿಯಮಕ್ಕೆ ಅನುಸಾರವಾಗಿಯೇ ಹೆಚ್ಚು ಸರಕನ್ನು ಕಳುಹಿಸುವ ಸಜ್ಜನ ಅತಿಥಿಗೆ ಅದರಿಂದ ಅನ್ಯಾಯವಾಗುತ್ತದೆ. ಬೊಂಜೀನಿಯು ಆರಿಸಿಕೊಂಡುದು ನೀರಾವರಿಯ ಬಾಗಿಲು ಕಾಯುವವನ ಮಾರ್ಗ: ಕಾಲುವೆಗೆ ಹಿಡಿಸುವಷ್ಟನ್ನೇ ಬಿಡುವುದು, ಅದು ಹರಿದುಹೋದ ಮೇಲೆ ಮತ್ತಷ್ಟನ್ನು ಬಿಡುವುದು. ಒಂದು ಸಲಕ್ಕೆ ಒಂದು ಪುಟ ಮಾತ್ರ; ಇನ್ನೂ ಎಷ್ಟು ಸಾಗಣೆಗಳು ಉಳಿದಿವೆಯೆಂಬುದನ್ನು ಬೇರೆಯಾಗಿ ಬರೆದಿಟ್ಟುಕೊಂಡು, ಬಾಕಿ ಸೊನ್ನೆಯಾಗುವ ತನಕ ಸುತ್ತು ಹೊಡೆಯುವುದು.

ಹೇಳಲು ಸುಲಭವಾದ ಇದನ್ನು ಮಾಡಲು ಹಲವು ಸಣ್ಣ ತೇಪೆಗಳ ಒಂದು ಸರಣಿಯೇ ಬೇಕಾಯಿತು. ಹೊಲವನ್ನು ಹಸನು ಮಾಡಿ ಬಿತ್ತುವಂತೆ, ಮೊದಲು ಗೊಂದಲದ ಹೆಸರುಗಳನ್ನು ಬದಲಾಯಿಸಿ, ಚದರಿದ್ದ ಭಾಗಗಳನ್ನು ಒಂದೆಡೆ ಕೂಡಿಸಿ, ಒಂದರಲ್ಲಿ ಬೆಸೆದಿದ್ದ ಎರಡು ಕೆಲಸಗಳನ್ನು ಬಿಡಿಸಿ, ಕೊನೆಗೆ ನಿಜವಾದ ದುರಸ್ತಿಯನ್ನು ಮಾಡಲಾಯಿತು. ಹೊರಕ್ಕೆ ಹೋಗುವ ಸರಕಿಗೂ ಒಳಕ್ಕೆ ಬರುವ ಸರಕಿಗೂ ಲೆಕ್ಕವನ್ನು ಇಡುವ ಕ್ರಮ ಒಂದೇ ಅಲ್ಲ. ಹೊರಕ್ಕೆ ಹೋಗುವಾಗ ಸರಕು ನಮ್ಮ ಕೈಯಲ್ಲಿಯೇ ಇದೆ. ಒಂದು ಪುಟವನ್ನು ಪಾತ್ರೆಗೆ ಹಾಕಿದೊಡನೆ ಬಾಕಿಯನ್ನು ಇಳಿಸಬಹುದು. ಒಳಕ್ಕೆ ಬರುವಾಗ ಹಾಗಲ್ಲ. ಕೇಳಿಕೊಂಡ ಮಾತ್ರಕ್ಕೆ ಮಾಲು ಬಂದಂತಾಗಲಿಲ್ಲ. ಹೊರಗಿನ ಕ್ರಮವಿಧಿಯು ಅದನ್ನು ತಂದು ಪಾತ್ರೆಯಲ್ಲಿಟ್ಟ ಮೇಲೆಯೇ ಬಾಕಿಯನ್ನು ಇಳಿಸತಕ್ಕದ್ದು. ಇದನ್ನು ತಪ್ಪಿಸಿದರೆ ಹಳೆಯ ತೂತು ಮುಚ್ಚಿ ಹೊಸ ತೂತು ಬಿದ್ದೀತು. ಬರುವ ಮೊದಲೇ ಜಮಾ ಬರೆದುಕೊಂಡ ಕಾರಕೂನನ ಪಾಡು ಎಲ್ಲರಿಗೂ ಗೊತ್ತೇ ಇದೆ.

ಮಾನದ ತಪ್ಪಿನ ವಿಷಯದಲ್ಲಿಯೂ ಒಂದು ತಮಾಷೆ ನಡೆಯಿತು. ಮೊದಲ ತೇಪೆಯಲ್ಲಿ, ಪಾತ್ರೆಯ ನೂರು ಬೈಟುಗಳನ್ನು ಸಾಗಣೆಯ ಗಾತ್ರವಾದ ಎರಡರಿಂದ ಭಾಗಿಸಿ ಐವತ್ತು ಸಾಗಣೆಗಳೆಂದು ಲೆಕ್ಕ ಹಾಕಲಾಯಿತು. ಇದರಿಂದ ಪಾತ್ರೆ ತುಂಬಿ ಚೆಲ್ಲುವುದು ನಿಂತಿತು. ಆದರೆ ಅತಿಥಿಯು ಕೇಳಿದುದು ನೂರು ಸಾಗಣೆಗಳನ್ನು! ಅಪಾಯವೇನೋ ಹೋಯಿತು, ಅರ್ಧ ಮಾಲು ಗೋದಾಮಿನಲ್ಲಿಯೇ ಉಳಿಯಿತು. ಎರಡು ಬೈಟುಗಳ ಸಾಗಣೆಯನ್ನು ಪರೀಕ್ಷಿಸುವ ಪುಟ್ಟ ಪ್ರಯೋಗವೊಂದು ತಪ್ಪು ಉತ್ತರವನ್ನು ಕೊಟ್ಟಾಗ ಇದು ಬಯಲಾಯಿತು. ಕೂಡಲೆ ಎರಡನೆಯ ತೇಪೆ ಬಂದಿತು: ಚೀಟಿಯ ಅಂಕೆಯನ್ನು ಎಣಿಕೆಯೆಂದೇ ಹಿಡಿದು, ಅದನ್ನು ಸಾಗಣೆಯ ಗಾತ್ರದಿಂದ ಗುಣಿಸಿ, ಬಂದ ಬೈಟುಗಳಷ್ಟು ಪಾತ್ರೆಯನ್ನು ಸಿದ್ಧಪಡಿಸುವುದು. ಇಲ್ಲಿ ಇನ್ನೊಂದು ಎಚ್ಚರವೂ ಸೇರಿತು. ಗಣಕದ ಅಂಕೆಗಳಿಗೂ ಮಿತಿಯುಂಟು. ತೀರ ದೊಡ್ಡ ಅಂಕೆಯನ್ನು ಗುಣಿಸಿದರೆ, ಹಳೆಯ ಮೋಟಾರುಗಳ ಮೈಲಿ ಎಣಿಸುವ ಚಕ್ರವು ಕೊನೆ ಮುಟ್ಟಿ ಮತ್ತೆ ಸೊನ್ನೆಯಿಂದ ತೊಡಗುವಂತೆ, ಗುಣಲಬ್ಧವು ಸಣ್ಣದಾಗಿಬಿಡಬಹುದು. ಆದುದರಿಂದ ಗುಣಾಕಾರವು ಮಿತಿಯನ್ನು ಮೀರಿತೆ ಎಂದು ನೋಡಿ, ಮೀರಿದ್ದರೆ ಕೋರಿಕೆಯನ್ನೇ ತಿರಸ್ಕರಿಸುವ ಸಾಲನ್ನು ಬರೆಯಲಾಯಿತು. ಈ ಎಲ್ಲ ತೇಪೆಗಳೂ ೨೦೨೧ರ ಅಕ್ಟೋಬರ್ ೩೧ರಂದು ಹೊರಬಿದ್ದ ಲಿನಕ್ಸ್ ೫.೧೫ರಲ್ಲಿ ಸೇರಿದವು.

ಅಲ್ಲಿಗೆ ಕಿಂಡಿಯ ಕಥೆ ಮುಗಿಯಿತೆ? ಇಲ್ಲ. ೨೦೨೩ರಲ್ಲಿ ಅದೇ ಕಿಂಡಿಯಲ್ಲಿ ಬೇರೊಂದು ದೋಷ ಸಿಕ್ಕಿತು. ಆತಿಥೇಯನು ಅತಿಥಿಯ ಚೀಟಿಯನ್ನು ಎರಡು ಸಲ ಓದುತ್ತಿದ್ದನು: ಕೋರಿಕೆ ಸಕ್ರಮವೆ ಎಂದು ನೋಡಲು ಒಮ್ಮೆ, ನಡೆಸಿಕೊಡಲು ಇನ್ನೊಮ್ಮೆ. ಚೀಟಿ ಇರುವುದು ಇಬ್ಬರಿಗೂ ಸೇರಿದ ಪುಟದಲ್ಲಿ. ಎರಡು ಓದುಗಳ ನಡುವಣ ಅತ್ಯಲ್ಪ ಕಾಲದಲ್ಲಿ ಅತಿಥಿಯು ಅದನ್ನು ತಿದ್ದಿಬಿಡಬಹುದಾಗಿತ್ತು. ಮೊದಲು ಚೀಟಿಯ ನಕಲನ್ನು ತನ್ನ ಕಡೆಗೆ ಬರೆದುಕೊಂಡು, ಆಮೇಲೆ ನಕಲನ್ನು ಮಾತ್ರ ನೋಡುವುದೇ ಇದಕ್ಕೆ ಮಾಡಿದ ದುರಸ್ತಿ. ಸಿ.ವಿ.ಇ.-೨೦೨೩-೪೧೫೫ ಎಂಬುದು ಇದರ ಸಂಖ್ಯೆ. ಎರಡು ಪ್ರಸಂಗಗಳಲ್ಲಿಯೂ ಗೂಢಲಿಪಿಯ ಗಣಿತಕ್ಕೆ ಯಾರೂ ಕೈ ಹಚ್ಚಲಿಲ್ಲವೆಂಬುದನ್ನು ಗಮನಿಸಬೇಕು.

ಒಂದು ಮಾತು ನಮ್ಮ ವಿಷಯವಾಗಿಯೂ ಹೇಳಬೇಕು. ಕರ್ನೆಲ್‌ನಲ್ಲಿ ತೇಪೆ ಹಚ್ಚಿದರೆ ಜಗತ್ತಿನ ಯಂತ್ರಗಳೆಲ್ಲ ಆ ಕ್ಷಣವೇ ಸರಿಹೋಗುವುದಿಲ್ಲ. ಯಂತ್ರದ ಹೊಣೆ ಹೊತ್ತವನು ಹೊಸ ಆವೃತ್ತಿಯನ್ನು ತಂದು ಹಾಕಬೇಕು, ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲು ಮಾಡಬೇಕು. ನಮ್ಮ ಮೇಜಿನ ಮೇಲಿನ ಗಣಕವು ಹೊಸ ಆವೃತ್ತಿ ಬಂದಿದೆಯೆಂದು ತಿಂಗಳುಗಟ್ಟಲೆ ವಿನಯದಿಂದ ತಿಳಿಸುತ್ತಿದ್ದಿತು. ನಾವು ಅಷ್ಟೇ ವಿನಯದಿಂದ 'ಈಗ ಬೇಡ' ಎಂಬ ಗುಂಡಿಯನ್ನು ಒತ್ತುತ್ತಿದ್ದೆವು. ಈ ಲೇಖನಕ್ಕಾಗಿ ಟಿಪ್ಪಣಿಗಳನ್ನು ಮಾಡಿಕೊಳ್ಳುವಾಗ ನಾಚಿಕೆಯಾಗಿ ಒಂದು ಸಂಜೆ ಅದನ್ನು ಮುಗಿಸಿದೆವು.

ತರಗತಿಯಲ್ಲಿ ಇದೆಲ್ಲವನ್ನೂ ಹೇಳಿದ ಮರುದಿನ ಆಳಂದದಿಂದ ಬಸ್ಸಿನಲ್ಲಿ ಬರುವ ಹುಡುಗನೊಬ್ಬನು ತನ್ನ ಮೊಬೈಲಿನಲ್ಲಿ ಆ ಚಾಲಕದ ಮೂಲಪಾಠವನ್ನೇ ತೆರೆದುಕೊಂಡು ಬಂದಿದ್ದನು. ದಾರಿಯಲ್ಲಿ ಅರ್ಧ ಗಂಟೆ ಹುಡುಕಿ ಅವನು ಮಿತಿಯ ಸಾಲನ್ನು ಪತ್ತೆ ಹಚ್ಚಿದ್ದನು. ಸಾಲಿನಲ್ಲಿ ಹದಿನಾರನ್ನು ಪುಟದ ಗಾತ್ರದಿಂದ ಗುಣಿಸಿದೆ. ನಾವು ಕೇಳುವ ಮೊದಲೇ ಅವನು ನೋಟುಪುಸ್ತಕದ ಅಂಚಿನಲ್ಲಿ ಗುಣಿಸಿಟ್ಟಿದ್ದನು: ೬೫,೫೩೬. ಅಂಕೆಯ ಮುಂದೆ 'ಬೈಟು' ಎಂದು ಬರೆಯುವುದನ್ನು ಮರೆತಿರಲಿಲ್ಲ.